ಗೊರವಂಕನ ನಾಡಿ

ಎಲ್ಲೋ ದೂರದಲ್ಲಿರುವ ಮನುಷ್ಯನ ಮಣಿಕಟ್ಟನ್ನು ಇಲ್ಲಿ ಕೂತು ಮುಟ್ಟುವಂತಾದರೆ ಏನಾಗಬಹುದು? ಮಾತಿಲ್ಲ, ಮುಖವಿಲ್ಲ, ಬರೀ ನಾಡಿ. ಅಂಥದೊಂದು ಯಂತ್ರ ಬಂದಾಗ ಹುಬ್ಬಳ್ಳಿಯ ಜನ ಹೆಚ್ಚೇನೂ ಬೆರಗುಪಡಲಿಲ್ಲ. ಹೊಸ ಹೊಸ ಯಂತ್ರಗಳನ್ನು ನೋಡಿ ನೋಡಿ ಅವರ ಬೆರಗು ಅಷ್ಟು ಹೊತ್ತಿಗೆ ಸವೆದುಹೋಗಿತ್ತು. ಆದರೆ ವಿಶಾಲಾಕ್ಷಿ ಯಲಿಗಾರಳಿಗೆ ಅದರಿಂದ ಮತ್ತೆ ಬದುಕು ಸಿಕ್ಕಿತು.

ಹರೆಯದಲ್ಲಿ ಅವಳು ಚೀನಾದ ಚೆಂಗ್ಡು ನಗರಕ್ಕೆ ಹೋಗಿ ಅಲ್ಲಿನ ಸಾಂಪ್ರದಾಯಿಕ ವೈದ್ಯವನ್ನು ಕಲಿತು ಬಂದಿದ್ದಳು. ಕೇಶ್ವಾಪುರದಲ್ಲಿ ದವಾಖಾನೆ ತೆರೆದು, ಮೊಣಕಾಲು ನೋವಿನವರಿಗೂ ಸೊಂಟ ಹಿಡಿದವರಿಗೂ ಸೂಜಿ ಚುಚ್ಚಿ ಗುಣ ಮಾಡುತ್ತಿದ್ದಳು. ಓಣಿಯವರು ಅವಳನ್ನು ಸೂಜಿ ಡಾಕ್ಟರ್ ಎಂದೇ ಕರೆಯುತ್ತಿದ್ದರು. ಐವತ್ತು ದಾಟಿದ ಮೇಲೆ ಕೈ ನಡುಗತೊಡಗಿತು. ಮೊದಮೊದಲು ಚಹಾದ ಕಪ್ಪು ಹಿಡಿದಾಗ ಮಾತ್ರ, ಆಮೇಲೆ ಯಾವಾಗಲೂ. ನಡುಗುವ ಕೈಯಲ್ಲಿ ಸೂಜಿ ಕಂಡರೆ ರೋಗಿ ಮಂಚದ ಮೇಲೆ ಮಲಗುತ್ತಾನೆಯೇ? ದವಾಖಾನೆ ಮುಚ್ಚಿತು. ಮದುವೆಯಾಗದೆ ಅವಳ ಜೊತೆಗೇ ಇದ್ದ ಅಕ್ಕ, ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವಳು, ಅದರ ಮರುವರ್ಷ ತೀರಿಕೊಂಡಳು. ಅಲ್ಲಿಂದ ಮುಂದೆ ವಿಶಾಲಾಕ್ಷಿಯನ್ನು ಯಾರೂ ಮುಟ್ಟಿರಲಿಲ್ಲ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ; ಹೇಳುವಂಥ ಸಂಗತಿಯೂ ಅಲ್ಲ. ಒಂದು ದಿನ ಬಸ್ಸಿನಲ್ಲಿ ಪಕ್ಕದ ಹೆಂಗಸು ನಿದ್ದೆಗಣ್ಣಲ್ಲಿ ಹೆಗಲಿಗೆ ತಲೆ ಒರಗಿಸಿದಾಗ ತಾನಿಳಿಯುವ ಸ್ಟಾಪು ದಾಟಿದರೂ ಎದ್ದಿರಲಿಲ್ಲ. ಅವಳಿಗೇ ಗೊತ್ತಾದದ್ದು ಆಗ.

ಆ ಹೊತ್ತಿನಲ್ಲೇ ಗೋಕುಲ ರಸ್ತೆಯಲ್ಲಿ ದೂರನಾಡಿ ಕೇಂದ್ರ ಶುರುವಾಯಿತು. ಚೀನೀ ವೈದ್ಯ ಬಲ್ಲವರು ಜಗತ್ತಿನ ನಾನಾ ಮೂಲೆಗಳಲ್ಲಿದ್ದರು. ಅವರೆಲ್ಲ ಒಂದೇ ರೋಗಿಯ ಬಗ್ಗೆ ಕೂಡಿ ವಿಚಾರ ಮಾಡಲೆಂದು ಒಂದು ಜಾಲ ಹುಟ್ಟಿತ್ತು. ಹಿಂದೆಯೂ ಇಂಥ ಕೂಟಗಳಿದ್ದವು. ಆದರೆ ಅಲ್ಲಿ ನಾಲಿಗೆಯ ಫೋಟೋ ನೋಡಬಹುದಿತ್ತು, ರೋಗಿಯ ವಿವರ ಓದಬಹುದಿತ್ತು, ನಾಡಿ ಮಾತ್ರ ಯಾರ ಬೆರಳಿಗೂ ಸಿಗುತ್ತಿರಲಿಲ್ಲ. ಆ ಕೊರತೆಯನ್ನು ಈ ಯಂತ್ರ ನೀಗಿಸಿತು. ರೋಗಿ ಮಣಿಕಟ್ಟಿಗೆ ಒಂದು ಪಟ್ಟಿ ಕಟ್ಟಿಕೊಳ್ಳುತ್ತಾನೆ. ಮೂರು ಬೆರಳು ಕೂರುವ ಮೂರು ಜಾಗಗಳಲ್ಲಿ ಅದು ನಾಡಿಯ ಮಿಡಿತವನ್ನು ಹಿಡಿಯುತ್ತದೆ. ಅದೇ ಮಿಡಿತ ಕೇಂದ್ರದ ಮೇಜಿನ ಮೇಲಿರುವ ರಬ್ಬರಿನ ಕೈಯಲ್ಲಿ ಮಿಡಿಯುತ್ತದೆ. ನಾಡಿ ನೋಡುವವರು ಮೊದಲು ಹಗುರಾಗಿ, ಆಮೇಲೆ ತುಸು ಒತ್ತಿ, ಕೊನೆಗೆ ಎಲುಬು ತಾಗುವಷ್ಟು ಒತ್ತಿ, ಹೀಗೆ ಮೂರು ಆಳಗಳಲ್ಲಿ ನೋಡಬೇಕು. ಒತ್ತಿದಂತೆಲ್ಲ ನಾಡಿ ಬದಲಾಗುವುದರಿಂದ ಆ ಒತ್ತಡವೂ ರೋಗಿಯ ಕೈಗೆ ತಲುಪಲೇಬೇಕು. ಹಾಗಾಗಿ ಇಲ್ಲಿ ಬೆರಳು ಒತ್ತಿದರೆ ಅಲ್ಲಿ ಪಟ್ಟಿ ಒತ್ತುತ್ತಿತ್ತು. ಬೆರಳಿನ ನಡುಕವನ್ನು ಯಂತ್ರ ಗುರುತಿಸಿ ಸೋಸಿಬಿಡುತ್ತಿತ್ತು. ವಿಶಾಲಾಕ್ಷಿಗೆ ಕೆಲಸ ಸಿಕ್ಕಿದ್ದೇ ಅದರಿಂದ.

ಉತ್ತರ ಕರ್ನಾಟಕದ ಊರುಗಳಿಂದ ಬರುವ ರೋಗಿಗಳನ್ನು ಮೊದಲು ನೋಡುವವಳು ಅವಳೇ. ರೋಗಿ ಕನ್ನಡದಲ್ಲಿ ಬರೆದ ತೊಂದರೆಯನ್ನು ಓದಿ, ಅದರಲ್ಲಿ ಹೆಸರು, ಊರು, ಮನೆ, ಗುರುತು ಹತ್ತುವಂಥದ್ದು ಏನಿದ್ದರೂ ಅಳಿಸಿ, ಉಳಿದದ್ದನ್ನು ಜಾಲಕ್ಕೆ ದಾಟಿಸಬೇಕು. ಜಾಲದಲ್ಲಿ ನಡೆದ ಚರ್ಚೆಯನ್ನು ಕನ್ನಡಕ್ಕೆ ತಂದು ರೋಗಿಗೆ ತೋರಿಸಬೇಕು. ರೋಗಿ ಅದನ್ನು ಓದಬಹುದು, ನಡುವೆ ಮಾತಾಡುವಂತಿಲ್ಲ. ರೋಗಿಗೆ ಹೆಸರಿನ ಬದಲು ಯಂತ್ರವೇ ಒಂದು ಹಕ್ಕಿಯ ಹೆಸರು ಕೊಡುತ್ತಿತ್ತು. ರೋಗಿ ಯಾರೆಂದು ಯಾರೂ ಕೇಳಬಾರದು. ಇಂಥ ಔಷಧ ತಗೊಳ್ಳಿ, ಇಂಥದ್ದು ಬಿಡಿ ಎಂದು ಯಾರೂ ನೇರ ಹೇಳಬಾರದು. ಅದು ಚರ್ಚೆ, ಚಿಕಿತ್ಸೆಯಲ್ಲ. ಜಾಲದ ಹೊರಗೆ ರೋಗಿಯನ್ನು ಕಾಣಲೇಬಾರದು, ಕಂಡವರಿಗೆ ಜಾಲದ ಬಾಗಿಲು ಮುಚ್ಚಿತೆಂದೇ ಅರ್ಥ. ಹಿಂದೆ ಬೇರೆ ಕೂಟಗಳಲ್ಲಿ, ಕೈ ಮುಟ್ಟಿ ನೋಡದವರು ಹೇಳಿದ ಕಷಾಯ ಕುಡಿದು ಕೆಲವರು ಕೆಟ್ಟಿದ್ದರು. ಈ ಮಿತಿಗಳು ಹುಟ್ಟಿದ್ದು ಅದರಿಂದಲೇ. ವಿಶಾಲಾಕ್ಷಿಗೆ ಅವು ಸರಿಯೆಂದೇ ಕಂಡಿದ್ದವು. ಅವುಗಳ ಕನ್ನಡ ರೂಪ ಬರೆದವಳೂ ಅವಳೇ.

ಗೊರವಂಕ ಎಂಬ ಹೆಸರಿನ ರೋಗಿ ಬಂದದ್ದು ಹತ್ತಿ ಬಿಡಿಸುವ ಕಾಲಕ್ಕೆ. ಕಿವಿಯಲ್ಲಿ ಸದಾ ಗುಂಯ್ ಎನ್ನುವ ಸದ್ದು, ನಿದ್ದೆಯಿಲ್ಲ ಎಂದು ಆತ ಬರೆದಿದ್ದ. ಅದರ ಜೊತೆಗೆ ಇನ್ನೊಂದು ಸಾಲು: ಬೆಟಗೇರಿಯ ಹಳೇ ಜಿನ್ನಿಂಗ್ ಮಿಲ್ಲಿನಲ್ಲಿ ಹತ್ತಿ ಅರೆಯುವ ಯಂತ್ರದ ಮುಂದೆ ನಿಂತೇ ಕಿವಿ ಹೋದವು, ಈಗ ಅದೇ ಮಿಲ್ಲಿನ ಹಿಂದಿನ ಖೋಲಿಯಲ್ಲಿ ಒಬ್ಬನೇ ಇರುತ್ತೇನೆ. ವಿಶಾಲಾಕ್ಷಿ ಆ ಸಾಲನ್ನು ಅಳಿಸಿದಳು. ‘ದೊಡ್ಡ ಸದ್ದಿನ ನಡುವೆ ಕೆಲಸ ಮಾಡಿದವರು’ ಎಂದಷ್ಟೇ ಉಳಿಸಿ ಮುಂದೆ ಕಳಿಸಿದಳು.

ನಾಡಿ ಬಿಗಿದ ತಂತಿಯ ಹಾಗಿತ್ತು. ಚೆಂಗ್ಡುವಿನ ಮುದಿ ವೈದ್ಯ ಲ್ಯು ಅದನ್ನೇ ಹೇಳಿದರು. ಲ್ಯು ಜಾಲದಲ್ಲಿ ಎಲ್ಲರಿಗಿಂತ ಹಿರಿಯರು. ವಿಶಾಲಾಕ್ಷಿ ಅವರನ್ನು ಕಂಡವಳಲ್ಲ, ಅವರ ಊರಿನಲ್ಲಿ ಓದಿದ್ದಳು ಅಷ್ಟೇ. ಅವರು ಬರೆಯುವುದು ಸಾವಕಾಶದ ಬರಹ; ಒಂದು ನಾಡಿ ಹಿಡಿದರೆ ಅದರ ಹಿಂದೆ ನೂರು ವರ್ಷದ ಹಳೇ ವೈದ್ಯರ ಜಗಳಗಳನ್ನೆಲ್ಲ ಹೇಳಿಬಿಡುವರು. ಅವರ ಚೀನೀ ಮಾತನ್ನು ಕನ್ನಡಕ್ಕೆ ತರುವಾಗ ವಿಶಾಲಾಕ್ಷಿಗೆ ಯಾರೋ ಮನೆಗೆ ಬಂದು ಕೂತಂತೆ ಆಗುತ್ತಿತ್ತು. ಯಂತ್ರವೇ ಅನುವಾದ ಮಾಡಬಲ್ಲದಾಗಿದ್ದರೂ ಲ್ಯು ಬರೆದದ್ದನ್ನು ಮಾತ್ರ ಅವಳು ಯಂತ್ರಕ್ಕೆ ಬಿಡುತ್ತಿರಲಿಲ್ಲ.

ಗೊರವಂಕನ ಚರ್ಚೆ ಮುಗಿಯಿತು. ಆದರೆ ಆತ ಪಟ್ಟಿ ಬಿಚ್ಚಲಿಲ್ಲ. ಬೇರೆ ರೋಗಿಗಳು ನಾಡಿ ನೋಡಿದ ತಕ್ಷಣ ಬಿಚ್ಚಿ ಎಸೆಯುವರು. ಒತ್ತಿದರೆ ಕೈ ಜೋಮು ಹಿಡಿಯುತ್ತದೆಂದು ಬೈಯುವರು. ಗೊರವಂಕನ ಮಿಡಿತ ಮಾತ್ರ ರಬ್ಬರ್ ಕೈಯಲ್ಲಿ ಸಂಜೆಯವರೆಗೂ ಇತ್ತು. ಕೆಲವು ದಿನ ಬಿಟ್ಟು ಆತ ಮೊಣಕಾಲು ನೋವೆಂದು ಮತ್ತೆ ಬಂದ. ಆಮೇಲೆ ಹೊಟ್ಟೆಯುಬ್ಬರ. ಆಮೇಲೆ ಬೆರಳು ಮರಗಟ್ಟುವುದು. ನಾಡಿಯಲ್ಲಿ ಮೊಣಕಾಲೂ ಇರಲಿಲ್ಲ, ಹೊಟ್ಟೆಯೂ ಇರಲಿಲ್ಲ. ವಿಶಾಲಾಕ್ಷಿಯ ಬೆರಳು ಕೂತ ಕೂಡಲೇ ಆ ಬಿಗಿದ ತಂತಿ ಸ್ವಲ್ಪ ಸಡಿಲಾಗುತ್ತಿತ್ತು, ಅಷ್ಟೇ. ಕಿವಿ ಕೇಳದವನ ಜೊತೆ ಯಾರು ಮಾತಾಡುತ್ತಾರೆ, ಕೂಗಿ ಕೂಗಿ ಎಲ್ಲರಿಗೂ ಸಾಕಾಗಿರಬೇಕು ಎಂದು ಅವಳು ಲೆಕ್ಕ ಹಾಕಿದಳು. ಆತನಿಗೆ ಬೇಕಾದದ್ದು ಔಷಧವಲ್ಲ, ಮೂರು ಬೆರಳು.

ಯಂತ್ರ ಗೊರವಂಕನ ಹೆಸರಿನ ಮುಂದೆ ಕೆಂಪು ಗುರುತು ಹಾಕಿತು: ಕಾರಣವಿಲ್ಲದೆ ಮತ್ತೆ ಮತ್ತೆ ಬರುವ ರೋಗಿ, ಮುಚ್ಚಬಹುದು. ಕೇಂದ್ರದ ತಂತ್ರಜ್ಞ ಇರ್ಫಾನ ಮಕಾನದಾರ ಅದನ್ನು ನೋಡಿ ಯಾಕೆ ಮುಚ್ಚಿಲ್ಲವೆಂದು ಕೇಳಿದ. ನಲವತ್ತರ ಇರ್ಫಾನನಿಗೆ ಮೂರು ಮಕ್ಕಳು, ಮಾತು ಕಡಿಮೆ. ನಾಡಿ ಇನ್ನೂ ಪೂರ್ತಿ ತಿಳಿದಿಲ್ಲ ಎಂದಳು ವಿಶಾಲಾಕ್ಷಿ. ಅದು ಅರ್ಧ ಸುಳ್ಳು. ಸಂಜೆ ಐದರ ಹೊತ್ತಿಗೆ, ದಿನದ ಕೆಲಸ ಮುಗಿದ ಮೇಲೆ, ಅವಳು ರಬ್ಬರ್ ಕೈಯ ಮುಂದೆ ಕೂರುವುದು ರೂಢಿಯಾಗಿತ್ತು. ತೋರುಬೆರಳು, ನಡುಬೆರಳು, ಉಂಗುರಬೆರಳು. ಅತ್ತ ಆತನೂ ಕಾಯುತ್ತಿದ್ದ. ಬೆರಳಿಟ್ಟ ತಕ್ಷಣ ಮಿಡಿತ ಒಂದು ಸಲ ಜಿಗಿದು ಆಮೇಲೆ ತಣ್ಣಗಾಗುತ್ತಿತ್ತು. ಹಾಗೆ ಕೂತಾಗ ಅವಳ ಮನಸ್ಸಿನಲ್ಲಿ ಬೇರೇನೂ ಇರುತ್ತಿರಲಿಲ್ಲ. ಆಮೇಲೆ ಕೇಶ್ವಾಪುರದ ಮನೆಗೆ ಹೋಗಿ ಎರಡು ರೊಟ್ಟಿ ತಟ್ಟಿ, ರೇಡಿಯೋ ಹಚ್ಚಿಟ್ಟು ಉಣ್ಣುವಳು. ಅಕ್ಕನ ತಾಟು ಕಪಾಟಿನಲ್ಲೇ ಇತ್ತು. ಮೊದಲಿನ ಹಾಗೆ ಆ ಕಡೆ ನೋಡದೆ ಇರಬೇಕೆಂದು ಈಗ ಅನಿಸುತ್ತಿರಲಿಲ್ಲ.

ಒಂದು ಸಂಜೆ ಮಿಡಿತ ನಡುವೆ ಒಂದು ಹೆಜ್ಜೆ ತಪ್ಪಿದಂತೆ ನಿಂತು ಮುಂದುವರಿಯಿತು. ವಯಸ್ಸಾದವರಲ್ಲಿ ಅದು ಅಪರೂಪವಲ್ಲ. ಅವಳು ಅದನ್ನು ಚರ್ಚೆಗೆ ಹಾಕಿದಳು. ಲ್ಯು ಖುಷಿಯಿಂದ ದೊಡ್ಡ ಬರಹವನ್ನೇ ಬರೆದರು. ನಡುವೆ ನಿಲ್ಲುವ ನಾಡಿಗೆಂದು ಹಳೆಯ ಗ್ರಂಥವೊಂದರಲ್ಲಿ ಜೇಷ್ಠಮಧುವನ್ನು ಮುಖ್ಯವಾಗಿಟ್ಟು ಮಾಡುವ ಕಷಾಯದ ಮಾತಿದೆ. ಹಳೇ ವೈದ್ಯರು ಅದನ್ನು ಹೇಗೆ ಹೊಗಳಿದರು, ಹೇಗೆ ಜಗಳಾಡಿದರು ಎಂದೆಲ್ಲ ವಿವರಿಸಿದರು. ಯಾರಿಗೂ ಕುಡಿಯಿರಿ ಎಂದು ಹೇಳಿರಲಿಲ್ಲ, ಮಿತಿಯೊಳಗೇ ಇತ್ತು. ಬರಹದ ತುದಿಗೆ ಎಲ್ಲ ಪುಟಗಳಲ್ಲಿಯೂ ಬರುವ ಸಾಲು ಬಂತು: ಇದು ಚಿಕಿತ್ಸೆಯಲ್ಲ, ಹತ್ತಿರದ ವೈದ್ಯರನ್ನು ಕಾಣಿರಿ. ವಿಶಾಲಾಕ್ಷಿ ಆ ಬರಹವನ್ನು ಪ್ರೀತಿಯಿಂದ ಕನ್ನಡಕ್ಕೆ ತಂದಳು. ‘ದಣಿದ ಹೃದಯಕ್ಕೆ ಜೇಷ್ಠಮಧುವಿನ ಸಿಹಿ, ಮನೆಗೆ ಮರಳಿದ ಮಗಳ ಹಾಗೆ’ ಎಂಬ ಲ್ಯು ಅವರ ವಾಕ್ಯಕ್ಕಾಗಿ ಇಡೀ ಮಧ್ಯಾಹ್ನ ಕೂತಿದ್ದಳು.

ಕೆಲವು ವಾರ ನಾಡಿ ಚೆನ್ನಾಗಿಯೇ ಇತ್ತು. ಬಳಿಕ ಅದು ಗಟ್ಟಿಯಾಗುತ್ತ ಬಂತು, ಒತ್ತಿದರೂ ಬಗ್ಗದಷ್ಟು. ಆಮೇಲೊಂದು ದಿನ, ಸಂಜೆಯವರೆಗೆ ಕಾಯದೆ ಮುಂಜಾನೆಯೇ ಬೆರಳಿಟ್ಟಾಗ ಮಿಡಿತಕ್ಕೆ ತಾಳವೇ ಇರಲಿಲ್ಲ. ಎರಡು ಒತ್ತಟ್ಟಿಗೆ, ಒಂದು ದೂರ, ನಡುವೆ ಏನೂ ಇಲ್ಲ, ಮತ್ತೆ ಓಡುವ ಮಿಡಿತಗಳು. ಕತ್ತಲಲ್ಲಿ ಯಾರೋ ಎಡವುತ್ತ ಮೆಟ್ಟಿಲು ಇಳಿಯುವ ಹಾಗೆ. ಜಾಲದಲ್ಲಿ ಗದ್ದಲವೆದ್ದಿತು. ನಿಂತು ನಿಂತು ಬರುವ ಗಂಟು ನಾಡಿ ಎಂದು ಕೆಲವರು, ಕಡಿದು ಕಡಿದು ಬರುವ ಕಡಿ ನಾಡಿ ಎಂದು ಕೆಲವರು. ಒಳ್ಳೆಯ ಮಾದರಿ ಸಿಕ್ಕಿತೆಂದು ಎಲ್ಲರಿಗೂ ಉತ್ಸಾಹ. ಈ ರೋಗಿ ಈಗ ಏನು ಸೇವಿಸುತ್ತಿದ್ದಾರೆ ಎಂದು ವಿಶಾಲಾಕ್ಷಿ ಕೇಳಿದಳು. ಅಷ್ಟು ಕೇಳಲು ಮಿತಿಯಲ್ಲಿ ಅವಕಾಶವಿತ್ತು. ಉತ್ತರ ಬಂತು: ಡಾಕ್ಟರು ಬರೆದ ಜೇಷ್ಠಮಧುವಿನ ಕಷಾಯ, ಮುಂಜಾನೆ ಒಂದು ಚರಿಗೆ, ಸಂಜೆ ಒಂದು ಚರಿಗೆ, ತಪ್ಪಿಸಿಲ್ಲ. ಕಾಲು ಜಗ್ಗುತ್ತವೆ, ಅದು ಗುಣದ ಲಕ್ಷಣವಿರಬೇಕು.

 ಜೇಷ್ಠಮಧು ಅತಿಯಾದರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ, ರಕ್ತದೊತ್ತಡ ಏರುತ್ತದೆ, ಕಾಲಿನ ಶಕ್ತಿ ಹೋಗುತ್ತದೆ, ಹೃದಯದ ಲಯ ಕೆಡುತ್ತದೆ. ಇದನ್ನು ಹೇಳಲು ಚೀನೀ ವೈದ್ಯವೇ ಬೇಕೆಂದಿಲ್ಲ. ಅವಳು ಬರೆದಳು: ಕಷಾಯ ಈಗಲೇ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ, ರಕ್ತ ತೋರಿಸಿ. ಯಂತ್ರ ಆ ಸಾಲನ್ನು ನೇರ ಸಲಹೆ ಎಂದು ತೆಗೆದುಹಾಕಿ, ಅದರ ಜಾಗದಲ್ಲಿ ಎಂದಿನ ಸಾಲು ಕೂರಿಸಿತು: ಇದು ಚಿಕಿತ್ಸೆಯಲ್ಲ, ಹತ್ತಿರದ ವೈದ್ಯರನ್ನು ಕಾಣಿರಿ. ಪ್ರತಿ ಪುಟದ ಕೆಳಗೂ ಇರುವ, ಯಾರೂ ಓದದ ಸಾಲು. ಅವಳು ಬೇರೆ ಮಾತಿನಲ್ಲಿ ಬರೆದಳು. ಮತ್ತೆ ಅದೇ ಸಾಲು. ಮೇಲಿನ ಕಚೇರಿಗೆ ತುರ್ತು ಸಂದೇಶ ಕಳಿಸಿದರೆ, ರೋಗಿಯ ಗುರುತು ತೆರೆಯಲು ಸಮಿತಿ ಕೂಡಬೇಕು, ಸಮಿತಿ ಸೋಮವಾರ ಕೂಡುತ್ತದೆ ಎಂಬ ಉತ್ತರ ಬಂತು. ಅಂದು ಶುಕ್ರವಾರ.

ಅವಳು ಬೆಟಗೇರಿಗೆ ಹೊಂದಿಕೊಂಡ ಗದಗಿನ ಆಂಬುಲೆನ್ಸಿಗೆ ಫೋನು ಮಾಡಿದಳು. ರೋಗಿಯ ಹೆಸರು ಕೇಳಿದರು, ಗೊತ್ತಿಲ್ಲ. ವಯಸ್ಸು, ಗೊತ್ತಿಲ್ಲ. ಯಾವ ಖೋಲಿ, ಗೊತ್ತಿಲ್ಲ. ನೀವು ರೋಗಿಯ ಹತ್ತಿರ ಇದ್ದೀರಾ ಎಂದರು, ಇಲ್ಲ, ಹುಬ್ಬಳ್ಳಿಯಲ್ಲಿದ್ದೇನೆ. ಆ ಕಡೆಯವರು ಸಿಟ್ಟು ಮಾಡದೆ, ರೋಗಿಯ ಹತ್ತಿರ ಹೋಗಿ ಫೋನು ಮಾಡಿರಿ ಎಂದು ಇಟ್ಟುಬಿಟ್ಟರು.

ಇರ್ಫಾನ ಎಲ್ಲವನ್ನೂ ನೋಡುತ್ತ ನಿಂತಿದ್ದ. ವಿಶಾಲಾಕ್ಷಿ ಚೀಲ ಹೆಗಲಿಗೇರಿಸಿದಾಗ ಅವನಿಗೆ ಅರ್ಥವಾಯಿತು.

“ನಿಮಗ ಜಾಗಾ ಗೊತ್ತೈತೇನ್ರಿ?” ಎಂದ.

“ಅಳಿಸಿದಾಕಿ ನಾನ ಅಲ್ಲೇನಪ್ಪಾ. ಅಳಿಸಿದ್ದು ಮರೀತೈತೇನು?”

“ಹೋದ್ರ ನಾಳೆ ಈ ಬಾಗಲಾ ನಿಮಗ ತಗ್ಯಂಗಿಲ್ರಿ ಮೇಡಂ. ನಾ ಏನೂ ನೋಡಿಲ್ಲ ಅಂತೀನಿ. ನೀವೂ ಯಾರಿಗೂ ಹೇಳಬ್ಯಾಡ್ರಿ.”

ಅವಳು ಒಂದು ಕ್ಷಣ ರಬ್ಬರ್ ಕೈಯ ಕಡೆ ನೋಡಿದಳು. ಅದರಲ್ಲಿ ಗೊರವಂಕನ ಮಿಡಿತ ಎಡವುತ್ತಲೇ ಇತ್ತು. ಆ ಕೋಣೆ ಬಿಟ್ಟರೆ ಅವಳ ಬೆರಳಿಗೆ ಬೇರೆ ಯಾವ ಕೈಯೂ ಇರಲಿಲ್ಲ.

“ನೋಡಿದ್ದನ್ನ ನೋಡಿದಂಗ ಬರೀ, ಇರ್ಫಾನ. ನನ್ನ ಅನುವಾದ ಓದಿ ಒಬ್ಬಂವ ಕೆಟ್ಟ ಅಂತನೂ ಬರೀ. ಇನ್ನೊಬ್ರು ಕೆಡಬಾರದು.”

ಗದಗಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಅಣ್ಣಿಗೇರಿ ದಾಟಿದ ಮೇಲೆ ಎರೆಹೊಲಗಳಲ್ಲಿ ಬಿಡಿಸದೆ ಉಳಿದ ಹತ್ತಿ ಅಲ್ಲಲ್ಲಿ ಬೆಳ್ಳಗೆ ಕಾಣುತ್ತಿತ್ತು. ಆ ಮನುಷ್ಯ ಹೇಗಿರಬಹುದೆಂದು ಊಹಿಸಲು ಹೋದಳು. ಮುಖ ಮೂಡಲಿಲ್ಲ. ಇಷ್ಟು ದಿನ ಕೈ ಹಿಡಿದವನ ಬಗ್ಗೆ ತನಗೆ ಗೊತ್ತಿರುವುದು ಮಣಿಕಟ್ಟಿನ ಮಿಡಿತ ಮಾತ್ರ. ತನ್ನನ್ನು ನೋಡಿ ಆತ ಏನೆಂದಾನು? ಗುರುತು ಹಿಡಿದಾನೆ? ಆ ವಿಚಾರ ಬಂದಾಗ ಅವಳಿಗೆ ನಾಚಿಕೆಯಾಯಿತು. ರೋಗಿಯ ಜೀವ ಹೋಗುವ ಹೊತ್ತಿನಲ್ಲಿ ತಾನು ಯೋಚಿಸುವುದೇನನ್ನು ಎಂದುಕೊಂಡಳು.

ಬೆಟಗೇರಿಯಲ್ಲಿ ಹಳೇ ಮಿಲ್ಲು ಎಂದರೆ ಎಲ್ಲರಿಗೂ ಗೊತ್ತಿತ್ತು. ಕಾಂಪೌಂಡಿನ ಹಿಂದೆ ಸಾಲಾಗಿ ತಗಡಿನ ಖೋಲಿಗಳು. ನಳದ ಹತ್ತಿರ ಕೊಡ ತುಂಬುತ್ತಿದ್ದ ಹೆಂಗಸು ಕೊನೆಯ ಬಾಗಿಲು ತೋರಿಸಿದಳು. ಅಂದಾನಪ್ಪ ಸೊರಟೂರ ಎಂದು ಹೆಸರು. ಕೂಗಿದರೆ ಕೇಳುವುದಿಲ್ಲ, ಒಳಗೇ ಹೋಗಿ ಎಂದಳು. ಗೊರವಂಕನಿಗೆ ಹೆಸರು ಸಿಕ್ಕಿದ್ದು ಹೀಗೆ.

ಬಾಗಿಲಿಗೆ ಚಿಲಕ ಹಾಕಿರಲಿಲ್ಲ, ಬರೀ ಮುಂದೆ ಮಾಡಿತ್ತು. ಒಳಗೆ ಕಬ್ಬಿಣದ ಕುರ್ಚಿಯಲ್ಲಿ, ಅರವತ್ತು ಮೀರಿದ ದೊಡ್ಡ ಮೈಯ ಮನುಷ್ಯ ಕೂತಿದ್ದ. ಎಣ್ಣೆ ಹಚ್ಚಿ ಬಾಚಿದ ತಲೆ, ಇಸ್ತ್ರಿ ಮಾಡಿದ ಅಂಗಿ. ಯಾರೋ ಬರುವವರಿದ್ದಾರೆ ಎಂಬಂತೆ ತಯಾರಾಗಿದ್ದ. ಎಡಗೈಗೆ ಪಟ್ಟಿ ಕಟ್ಟಿಕೊಂಡಿದ್ದ. ಪಾದಗಳು ಬಾತುಕೊಂಡಿದ್ದವು. ಒಲೆಯ ಪಕ್ಕದ ಪಾತ್ರೆಯಿಂದ ಜೇಷ್ಠಮಧುವಿನ ಸಿಹಿ ವಾಸನೆ ಬರುತ್ತಿತ್ತು.

“ಯಾರ್ರಿ ನೀವು? ಕಿವಿ ಕೇಳಂಗಿಲ್ಲ ನನಗ,” ಎಂದ, ಕಿವಿ ಕೇಳದವರು ಮಾತಾಡುವ ಎತ್ತರದ ದನಿಯಲ್ಲಿ.

ಅವಳು ಹತ್ತಿರ ಹೋಗಿ ಆತನ ಬಲಗೈ ಎತ್ತಿಕೊಂಡು ಮೂರು ಬೆರಳಿಟ್ಟಳು. ಹುಬ್ಬಳ್ಳಿಯಲ್ಲಿ ಕಂಡದ್ದೇ ಇಲ್ಲಿಯೂ, ಇನ್ನೂ ಕೆಟ್ಟದಾಗಿತ್ತು. ಬೆಚ್ಚಗಿನ ಚರ್ಮ, ಬೆವರು, ಒರಟು ಕೂದಲು. ಎಷ್ಟು ವರ್ಷಗಳ ಮೇಲೆ ಜೀವಂತ ಕೈ. ಅವಳ ಬೆರಳುಗಳು ಎಂದಿಗಿಂತ ಹೆಚ್ಚು ನಡುಗಿದವು. ಅಂದಾನಪ್ಪ ಆ ನಡುಕವನ್ನು ನೋಡಿದ, ಆಮೇಲೆ ಅವಳ ಮುಖವನ್ನು ನೋಡಿ ಕೈ ಎಳೆದುಕೊಂಡ.

ಅವಳು ಫೋನಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದು ತೋರಿಸಿದಳು: ದಿನಾ ಸಂಜೆ ನಿಮ್ಮ ನಾಡಿ ನೋಡುವವಳು ನಾನೇ. ಆ ಕಷಾಯ ಔಷಧವಲ್ಲ, ಹಳೇ ಪುಸ್ತಕದ ಮಾತು. ಅದರಿಂದಲೇ ನಿಮ್ಮ ಎದೆ ಕೆಟ್ಟಿದೆ. ಈಗಲೇ ಆಸ್ಪತ್ರೆಗೆ ನಡೆಯಿರಿ.

ಆತ ಸಾವಕಾಶ ಓದಿದ. “ಸುಳ್ಳ ಹೇಳಬ್ಯಾಡ್ರಿ. ಆ ಡಾಕ್ಟರ್ ಗಂಡಸರು, ಚೀನಾದವರು. ಅವರ ಕೈ ನಡಗಂಗಿಲ್ಲ. ಕಲ್ಲಿನಂಗ ಇರತೈತಿ.” ತನ್ನ ಫೋನು ತೆಗೆದು ಅವಳ ಮುಂದೆ ಹಿಡಿದ. ಮನೆಗೆ ಮರಳಿದ ಮಗಳ ಹಾಗೆ ಎಂಬ ವಾಕ್ಯ ಅಲ್ಲಿತ್ತು. “ಇಷ್ಟ ಛಂದ ಬರದಾರ. ಇದು ಔಷಧ ಅಲ್ಲ ಅಂತೀರಲ್ಲ.”

ಯಂತ್ರ ತನ್ನ ನಡುಕ ಸೋಸುತ್ತದೆ ಎಂದು ಬರೆದು ತೋರಿಸಿದಳು. ಆತ ಓದಲಿಲ್ಲ. ಅವಳು ಹೊರಗೆ ಬಂದು ಆಂಬುಲೆನ್ಸಿಗೆ ಫೋನು ಮಾಡಿದಳು. ಈ ಸಲ ಹೆಸರಿತ್ತು, ಜಾಗವಿತ್ತು, ರೋಗಿ ಎದುರಿಗಿದ್ದ. ಬರುತ್ತೇವೆ ಎಂದರು. ಆದರೆ ರೋಗಿ ಒಪ್ಪದಿದ್ದರೆ ಹೊತ್ತುಕೊಂಡು ಹೋಗಲಾಗುವುದಿಲ್ಲ ಎಂದೂ ಹೇಳಿದರು. ಅವಳು ಒಳಗೆ ಬಂದು ಹೊಸ್ತಿಲ ಹತ್ತಿರ ಕೂತಳು.

ಐದಾಯಿತು. ಅಂದಾನಪ್ಪ ನೆಟ್ಟಗೆ ಕೂತು, ಕಣ್ಣು ಮುಚ್ಚಿ, ಪಟ್ಟಿ ಕಟ್ಟಿದ ಕೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡ. ಅವನ ಮುಖದಲ್ಲಿ ದಿನವಿಡೀ ದುಡಿದು ಮನೆಗೆ ಬಂದವನ ನೆಮ್ಮದಿ. ಹುಬ್ಬಳ್ಳಿಯ ಕೋಣೆಯಲ್ಲಿ ಕೂತು ತಾನು ಎಂದೂ ಕಾಣದಿದ್ದ ಮುಖ ಇದೇ ಎಂದು ವಿಶಾಲಾಕ್ಷಿ ನೋಡುತ್ತಿದ್ದಳು. ಬೆರಳು ಬರಲಿಲ್ಲ. ಆತ ಪಟ್ಟಿಯನ್ನು ಸರಿಮಾಡಿಕೊಂಡ. ಮತ್ತೆ ಕಣ್ಣು ಮುಚ್ಚಿದ. ಮಿಲ್ಲಿನ ಗೋಡೆಯ ನೆರಳು ಬಾಗಿಲೊಳಗೆ ಬಂತು. ಆತ ಕಣ್ಣು ತೆರೆದು ಪಟ್ಟಿಯ ಸಣ್ಣ ಹಸಿರು ದೀಪ ಹತ್ತಿದೆಯೇ ಎಂದು ನೋಡಿದ, ಹತ್ತಿತ್ತು. ಹೀಗೆ ಎಷ್ಟೋ ಹೊತ್ತು.

ಕೊನೆಗೆ ಆತ ತಲೆಯೆತ್ತಿ ಹೊಸ್ತಿಲ ಕಡೆ ನೋಡಿದ. 

“ಇವತ್ತ ಬರಲಿಲ್ಲ,” ಎಂದ. ದನಿ ಈ ಸಲ ಸಣ್ಣದಾಗಿತ್ತು.

ವಿಶಾಲಾಕ್ಷಿ ತನ್ನ ಎರಡೂ ಕೈಗಳನ್ನು ಎತ್ತಿ ತೋರಿಸಿದಳು, ನಡುಗುತ್ತಿದ್ದ ಹಾಗೆಯೇ. ಅಂದಾನಪ್ಪ ಆ ಕೈಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಪಟ್ಟಿ ಬಿಚ್ಚಿ ಒಲೆಯ ಪಕ್ಕದಲ್ಲಿಟ್ಟ. ಆಂಬುಲೆನ್ಸಿನವರು ಬಂದಾಗ ಎದ್ದು ನಿಲ್ಲಲು ಕಾಲಿಗೆ ಶಕ್ತಿಯಿರಲಿಲ್ಲ. ಅವಳ ಹೆಗಲು ಹಿಡಿದೇ ಹೊರಗೆ ಬಂದ. 

ಆಸ್ಪತ್ರೆಯಲ್ಲಿ ರಕ್ತದ ಪೊಟ್ಯಾಸಿಯಂ ಪಾತಾಳಕ್ಕೆ ಇಳಿದಿತ್ತು. ಹೃದಯದ ಲಯ ಹಿಡಿತಕ್ಕೆ ಬರಲು ಕೆಲವು ದಿನ ಬೇಕಾಯಿತು. ಸೋಮವಾರದವರೆಗೆ ಕಾದಿದ್ದರೆ ಕಷ್ಟವಿತ್ತು ಎಂದು ಅಲ್ಲಿಯ ಡಾಕ್ಟರು ಹೇಳಿದರು. ವಿಶಾಲಾಕ್ಷಿ ದಿನಾ ಹೋಗಿ ಬರುತ್ತಿದ್ದಳು. ಅಂದಾನಪ್ಪ ಸಜ್ಜನ, ಅವಳು ತಂದ ಎಳನೀರು ಕುಡಿಯುವನು, ಬಸ್ಸಿನಲ್ಲಿ ಜಾಗ ಸಿಕ್ಕಿತೇ ಎಂದು ಕೇಳುವನು. ಒಂದು ದಿನ ಮಾತ್ರ, ಕಿಟಕಿಯ ಕಡೆ ಮುಖ ಮಾಡಿ, “ಹಂಗಾರ ಆ ಕೈ ಇನ್ನ ಬರೂದಿಲ್ಲ,” ಎಂದ. ಅವಳು ಎದುರಿಗೇ ಕೂತಿದ್ದಳು. ಬರುವುದಿಲ್ಲ ಎಂದು ತಲೆಯಾಡಿಸಿದಳು. ಯಂತ್ರ ನಡುಕ ಸೋಸಿದ ತನ್ನದೇ ಬೆರಳುಗಳ ಮೇಲೆ ಅವಳಿಗೆ ಮತ್ಸರವಾಯಿತು.

ಆಸ್ಪತ್ರೆಯವರು ಆತನಿಗೆ ಕಿವಿಯ ಯಂತ್ರ ಕೊಡಿಸಿದರು. ಅಲ್ಪಸ್ವಲ್ಪ ಕೇಳಿಸತೊಡಗಿದ ಮೇಲೆ ಮಿಲ್ಲಿನವರು ಆತನನ್ನು ಗೇಟಿನ ಕಾವಲಿಗೆ ಕೂರಿಸಿದರು. ವಿಶಾಲಾಕ್ಷಿ ಒಮ್ಮೆ ಬೆಟಗೇರಿಗೆ ಹೋಗಿ ಬಂದಳು. ಅಂದಾನಪ್ಪ ಚಹಾ ತರಿಸಿದ. ಲಾರಿಗಳು ಬರುತ್ತಿದ್ದವು, ಹೋಗುತ್ತಿದ್ದವು, ಎಲ್ಲರೂ ಆತನಿಗೆ ಏನಾದರೂ ಹೇಳಿಯೇ ಮುಂದೆ ಸಾಗುತ್ತಿದ್ದರು. ಇಬ್ಬರ ನಡುವೆ ಹೇಳುವಂಥದ್ದು ಹೆಚ್ಚೇನೂ ಇರಲಿಲ್ಲ. ಅಲ್ಲಿಂದ ಮುಂದೆ ರವಿವಾರಕ್ಕೊಮ್ಮೆ ಆತನಿಂದ ಆರಾಮ ಅದೀನಿ ಎಂಬ ಸಂದೇಶ ಬರುತ್ತಿತ್ತು. ಅವಳೂ ಆರಾಮ ಎಂದು ಬರೆಯುತ್ತಿದ್ದಳು.

ಕೇಂದ್ರದ ಬಾಗಿಲು ಅವಳಿಗೆ ತೆರೆಯಲಿಲ್ಲ.

ಸಂಕ್ರಾಂತಿಯ ಹೊತ್ತಿಗೆ ಇರ್ಫಾನ ಮನೆಗೆ ಬಂದ. ಹೆಂಡತಿ ಕಳಿಸಿದ ಮಾದಲಿ ಸಿಹಿಯ ಡಬ್ಬಿ ಮೇಜಿನ ಮೇಲಿಟ್ಟು, ಅವಳು ಹೇಳಿದ ಹಾಗೆಯೇ ಎಲ್ಲ ಬರೆದು ಕಳಿಸಿದ್ದಾಗಿ ಹೇಳಿದ. ಜಾಲದವರು ಔಷಧದ ಹೆಸರು ಬರುವ ಬರಹಗಳನ್ನು ಇನ್ನು ರೋಗಿಗೆ ತೋರಿಸುವುದಿಲ್ಲವಂತೆ. ಗೊರವಂಕನ ಚರ್ಚೆ ಮುಚ್ಚಿ, ಆ ಹೆಸರನ್ನೂ ಯಂತ್ರಕ್ಕೆ ಮರಳಿಸಿದ್ದರು. ಆಮೇಲೆ ಅವನು ಇನ್ನೊಂದು ಮಾತು ಹೇಳಿದ. ಗೊರವಂಕ ಏನಾದನೆಂದು ಲ್ಯು ಪ್ರತಿ ವಾರ ಕೇಳುತ್ತಾರೆ. ಮುಚ್ಚಿದ ಚರ್ಚೆಯ ಫಲ ಯಾರಿಗೂ ಹೇಳುವಂತಿಲ್ಲವಾದ್ದರಿಂದ ಉತ್ತರ ಹೋಗುವುದಿಲ್ಲ. ಕಷಾಯದ ಬರಹವನ್ನು ಅವರೇ ಕೇಳಿ ತೆಗೆಸಿದ್ದರು. ಅಂದಿನಿಂದ ಹೊಸದಾಗಿ ಏನೂ ಬರೆದಿರಲಿಲ್ಲ. ಬರೀ ನಾಡಿ ನೋಡಿ ಎದ್ದುಹೋಗುತ್ತಿದ್ದರು.

ವಿಶಾಲಾಕ್ಷಿ ಕೆಲವು ದಿನ ಅದನ್ನೇ ಯೋಚಿಸಿದಳು. ಆಮೇಲೆ ರೋಗಿಗಳಿಗೆ ಪಟ್ಟಿ ಕೊಡುವ ಓಣಿಯ ಆರೋಗ್ಯ ಕೇಂದ್ರಕ್ಕೆ ಹೋಗಿ, ಎಲ್ಲರ ಜೊತೆ ಸರದಿಯಲ್ಲಿ ನಿಂತು, ರೋಗಿಯೆಂದು ಹೆಸರು ಕೊಟ್ಟು ಪಟ್ಟಿ ತಂದಳು. ಜಾಲದಿಂದ ಹೊರಬಿದ್ದವರು ರೋಗಿಗಳಾಗಬಾರದು ಎಂದು ಮಿತಿಗಳಲ್ಲಿ ಎಲ್ಲಿಯೂ ಇರಲಿಲ್ಲ. ನಾಡಿ ಯಾರು ನೋಡಬೇಕೆಂದು ರೋಗಿ ಕೇಳಿಕೊಳ್ಳಬಹುದಿತ್ತು. ಜಾಲದಲ್ಲಿ ಎಲ್ಲರಿಗಿಂತ ಹಿರಿಯರು ನೋಡಲಿ ಎಂದು ಬರೆದಳು. ತೊಂದರೆ ಎಂಬಲ್ಲಿ ಏನು ಬರೆದರೆ ಯಂತ್ರ ಅಳಿಸುತ್ತದೆ, ಏನು ಬಿಡುತ್ತದೆ ಎಂಬುದು ಅವಳಷ್ಟು ಯಾರಿಗೂ ಗೊತ್ತಿರಲಿಲ್ಲ. ಚೀನೀ ವೈದ್ಯದಲ್ಲಿ ಕನಸೂ ಒಂದು ಲಕ್ಷಣ. ಅವಳು ಬರೆದಳು: ನಿದ್ದೆ ಕಡಿಮೆ. ಒಂದೇ ಕನಸು ಬೀಳುತ್ತದೆ. ಕಾಯಿಲೆ ಬಿದ್ದ ಗೊರವಂಕ ಒಂದು ಆಸ್ಪತ್ರೆಯ ಕಿಟಕಿಯಲ್ಲಿ ಕೂತಿರುತ್ತದೆ. ಸಿಹಿ ಕಷಾಯವನ್ನು ಯಾರೋ ಚೆಲ್ಲುತ್ತಾರೆ. ಗೊರವಂಕ ಗುಣವಾಗಿ ಹಾರಿಹೋಗುತ್ತದೆ. ಈಗ ದೊಡ್ಡ ಗೇಟಿನ ಮೇಲೆ ಕೂತು ಹೋಗಿಬರುವವರ ಜೊತೆಯೆಲ್ಲ ಮಾತಾಡುತ್ತದೆ.

ಯಂತ್ರ ಅದನ್ನು ಬಿಟ್ಟಿತು.

ಮರುದಿನ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಪಟ್ಟಿ ಕಟ್ಟಿಕೊಂಡಳು. ಸ್ವಲ್ಪ ಹೊತ್ತಿಗೆ ಮೂರು ಬೆರಳು ಬಂದು ಕೂತವು. ಹಗುರ, ಆಮೇಲೆ ತುಸು ಭಾರ, ಆಮೇಲೆ ಎಲುಬಿನವರೆಗೆ. ಅವಸರವಿಲ್ಲದ ಮುದಿ ಬೆರಳುಗಳು. ಅಕ್ಕ ಹೋದ ಮೇಲೆ ಅವಳ ಕೈ ಹಿಡಿದ ಮೊದಲ ಕೈ. ಅವು ನಡುಗುತ್ತಿದ್ದವೋ ಇಲ್ಲವೋ, ಪಟ್ಟಿಯಿಂದ ತಿಳಿಯುವಂತಿರಲಿಲ್ಲ. ನಾಡಿ ನೋಡಿ ಮುಗಿದ ಮೇಲೂ ಅವು ಕೆಲ ಹೊತ್ತು ಅಲ್ಲೇ ಇದ್ದವು.

ಚರ್ಚೆ ಸಂಜೆಗೆ ಬಂತು. ಈಗ ಯಂತ್ರವೇ ಅನುವಾದ ಮಾಡುತ್ತಿತ್ತು, ಬರಡು ಕನ್ನಡ. ಲ್ಯು ಬರೆದದ್ದು ಎರಡೇ ಸಾಲು: ಈ ರೋಗಿಗೆ ಔಷಧ ಅಗತ್ಯವಿಲ್ಲ. ಕನಸು ಮುಗಿದಿದೆ. ಅದರ ಕೆಳಗೆ ಒಂದು ಸಾಲಿನಷ್ಟು ಬಿಳಿಯ ಜಾಗ, ಮಿತಿ ಮೀರಿದ್ದರಿಂದ ತೆಗೆಯಲಾಗಿದೆ ಎಂಬ ಸಣ್ಣ ಗುರುತು. ಅಂಥ ಎಷ್ಟೋ ಸಾಲುಗಳನ್ನು ತೆಗೆದವಳು ಅವಳು. ತೆಗೆದ ಮೇಲೆ ಉಳಿಯುವ ಜಾಗವನ್ನು ಎಂದೂ ನೋಡಿರಲಿಲ್ಲ. ಒಲೆಯ ಮೇಲಿನ ಹಂಚು ಇಳಿಸಿ, ದೀಪದ ಹತ್ತಿರ ಬಂದು, ಆ ಬಿಳಿಯ ಮೇಲೆ ಬೆರಳಿಟ್ಟು ನಿಂತಳು.